ಬಡಿಗೇರರ ಮನೆಯಲ್ಲಿ ಮಲಗುತ್ತಿದ್ದ ಕೊಡಲಿ

ನಮ್ಮ ಮನೆಯ ಕೊಡಲಿ ನಮ್ಮ ಮನೆಯಲ್ಲಿ ಮಲಗುತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಮೊದಲು ಅದನ್ನು ಎರಡು ಮನೆ ಆಚೆಗಿದ್ದ ಬಡಿಗೇರ ಕಾಕಾನ ಹತ್ತಿರ ಒಯ್ದು ಕೊಡಬೇಕು, ಬೆಳಿಗ್ಗೆ ಹೊತ್ತು ಹುಟ್ಟಿದ ಮೇಲೆ ಹೋಗಿ ತರಬೇಕು. ಆರು ವರ್ಷದವಳಿದ್ದಾಗಿನಿಂದ ಈ ಕೆಲಸ ನನ್ನದು. ಕೊಡಲಿಯ ಕಾವು ನನ್ನ ಎದೆಯತನಕ ಬರುತ್ತಿತ್ತು, ಎರಡು ಸಲ ದಾರಿಯಲ್ಲಿ ಇಳಿಸಿ ಉಸಿರು ಬಿಡುತ್ತಿದ್ದೆ. ಕಾಕಾ ಅದನ್ನು ತನ್ನ ಬಾಚಿ, ಉಳಿ, ಗರಗಸಗಳ ಪಕ್ಕ ಗೋಡೆಗೆ ಆನಿಸಿಟ್ಟು, "ಮಲಗಿಸಿದೆ ನೋಡವಾ, ಹೋಗಿನ್ನ" ಎನ್ನುತ್ತಿದ್ದ. ಎಲ್ಲರ ಮನೆಯ ಕೊಡಲಿಯೂ ಹೀಗೆ ಬೇರೆಯವರ ಮನೆಯಲ್ಲಿ ಮಲಗಿ ಬರುತ್ತದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಇದು ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಮಾಡಿಟ್ಟುಹೋದ ಪದ್ಧತಿ. ನಿಜಾಮರ ಕಾಲದಲ್ಲಿ ಹೊಲದ ಬದುವಿನ ತಕರಾರಿಗೆ ಅವನು ಸ್ವಂತ ತಮ್ಮನ ತೋಳಿಗೆ ಕೊಡಲಿ ಹಾಕಿದ್ದ. ತಮ್ಮ ಬದುಕಿದ, ತೋಳು ಬದುಕಲಿಲ್ಲ. ಮುತ್ಯಾ ಮೂರು ವರ್ಷ ಜೇಲಿನಲ್ಲಿದ್ದು ಬಂದಾಗ ಊರಿನ ಪಂಚರು ಕೂತು ಒಂದು ಮಾತು ಕಟ್ಟಿದರು: ದೀಪ ಹಚ್ಚಿದ ಮೇಲೆ ಈ ಮನೆಯಲ್ಲಿ ಕೊಡಲಿ ಇರಕೂಡದು. ಮುತ್ಯಾ ತಲೆಬಾಗಿ ಒಪ್ಪಿದನಂತೆ. ನಾನು ತೊಟ್ಟಿಲಲ್ಲಿದ್ದಾಗಲೇ ಅವನು ತೀರಿಹೋದ. ಕೊಡಲಿ ಮಾತ್ರ ಹೋಗುವುದು ಬರುವುದು ನಿಲ್ಲಿಸಲಿಲ್ಲ. ಮುತ್ಯಾನ ಮೇಲಿದ್ದ ಕಟ್ಟಳೆ ಯಾರೂ ಕೇಳದೆ, ಯಾರೂ ಹೇಳದೆ ಅಪ್ಪನ ಮೇಲೆ ಬಂದಿತ್ತು. ಅಪ್ಪ ಯಾರ ತೋಳನ್ನೂ ಕಡಿದಿರಲಿಲ್ಲ. ಆದರೆ ರಕ್ತ ಅದೇ ಅಲ್ಲವೇ, ಎಂದು ಊರಿನ ಲೆಕ್ಕ.

ನಮ್ಮೂರು ಹುಮನಾಬಾದಿನಿಂದ ಕೊಡಂಬಲದ ಕಡೆಗೆ, ಎತ್ತಿನ ಗಾಡಿಯಲ್ಲಿ ಒಂದು ಹೊತ್ತಿನ ದಾರಿ. ನಾನು ಒಂದನೇ ಇಯತ್ತೆಗೆ ಸೇರಿದ ವರ್ಷವೇ ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮಾಸ್ತರರು ನಮಗೆಲ್ಲ ಒಂದೊಂದು ಚಿಟಿಕೆ ಸಕ್ಕರೆ ಹಂಚಿ, ಇನ್ನು ಮುಂದೆ ಎಲ್ಲ ಬದಲಾಗುತ್ತದೆ ಎಂದರು. ನಾನು ಸಕ್ಕರೆ ನೆಕ್ಕುತ್ತ ಮನೆಗೆ ಬಂದು, ಸಂಜೆಗೆ ಕೊಡಲಿ ಹೊತ್ತುಕೊಂಡು ಬಡಿಗೇರರ ಮನೆಗೆ ಹೋದೆ.

ಊರಿನ ಜಾಣತನಕ್ಕೆ ಈಗ ನಗು ಬರುತ್ತದೆ. ಕೊಡಲಿ ಹೊರಗೆ ಹೋಗುತ್ತಿತ್ತು. ಕುಡುಗೋಲು ಮನೆಯಲ್ಲೇ ಇರುತ್ತಿತ್ತು, ಬಾರುಕೋಲು ಮನೆಯಲ್ಲೇ ಇರುತ್ತಿತ್ತು, ಅಪ್ಪನ ಕೈಯೂ ಮನೆಯಲ್ಲೇ ಇರುತ್ತಿತ್ತು. ಆ ಕೈಯನ್ನು ಎಲ್ಲಿಗಾದರೂ ಕಳಿಸಬೇಕೆಂದು ಯಾವ ಪಂಚನಿಗೂ ತೋಚಿರಲಿಲ್ಲ. ತೋಳು ಕಡಿಸಿಕೊಂಡವನು ಗಂಡಸು, ಹಾಗಾಗಿ ಪಂಚಾಯಿತಿ ಕೂತಿತು. ಹೊಡೆತ ತಿನ್ನುತ್ತಿದ್ದವಳು ನಮ್ಮ ಅವ್ವ, ಹಾಗಾಗಿ ಯಾರೂ ಕೂರಲಿಲ್ಲ.

ನನಗೆ ಒಂಬತ್ತೋ ಹತ್ತೋ ವರ್ಷ. ಬಿತ್ತನೆಗೆ ತೆಗೆದಿಟ್ಟಿದ್ದ ಜೋಳಕ್ಕೆ ಮಾಳಿಗೆ ಸೋರಿ ನೀರು ತಾಗಿತು. ಮಾಳಿಗೆಗೆ ಮಣ್ಣು ಎಳೆಯಬೇಕಾದವನು ಅಪ್ಪ, ಆದರೂ ಪೆಟ್ಟು ಬಿದ್ದದ್ದು ಅವ್ವನ ಎಡಗಿವಿಯ ಮೇಲೆ. ಮೊದಲು ರಕ್ತ ಬಂತು, ಎಂಟು ದಿನದ ಮೇಲೆ ಕೀವು. ಅವ್ವನನ್ನು ಹುಮನಾಬಾದಿನ ದವಾಖಾನೆಗೆ ಕರೆದುಕೊಂಡು ಹೋದವಳು ಆಯಿ, ಮುತ್ಯಾನ ಹೆಂಡತಿ, ನಮ್ಮ ಅಜ್ಜಿ. ಜೊತೆಗೆ ನಾನು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಹ್ಯಾಂಗಾತು ಇದು?" ಎಂದು ಕೇಳಿದರು.

"ಬಿದ್ದೆ ರಿ. ಬೀಸುಕಲ್ಲಿನ ಮ್ಯಾಲ" ಎಂದಳು ಅವ್ವ.

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆವತ್ತು ನೆಲ ನೋಡಿದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಗಾಡಿಯಲ್ಲಿ ಬರುವಾಗ, "ಯಾಕ ಸುಳ್ಳು ಹೇಳಿದಿ?" ಎಂದು ನಾನು ಅವ್ವನನ್ನು ಕೇಳಿದೆ. ಅವಳು ಕಿವಿಯ ಹತ್ತಿ ಒತ್ತಿಕೊಳ್ಳುತ್ತ ಸಮಾಧಾನದಿಂದಲೇ ಹೇಳಿದಳು: "ನಿಮ್ಮಪ್ಪರೆ ಏನ್ ಮಾಡ್ತಾರವಾ. ಆ ಮನಿ ರಕ್ತನ ಹಂಗದ. ಮುತ್ಯಾಂದು ಇವ್ರಿಗಿ ಬಂದದ. ಗುಸ್ಸಾ ಬಂದಾಗ ಅವ್ರ ಕೈ ಅವ್ರ ಮಾತು ಕೇಳಂಗಿಲ್ಲ." ಎದುರಿಗೆ ಕೂತಿದ್ದ ಆಯಿ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಆ ಕಿವಿ ಆಮೇಲೆ ಪೂರ್ತಿ ಕಿವುಡಾಯಿತು.

ರಕ್ತದ ಮಾತು ನನ್ನನ್ನೂ ಬಿಡಲಿಲ್ಲ. ಶಾಲೆಯಲ್ಲಿ ಒಬ್ಬ ಹುಡುಗಿ ನಮ್ಮ ಅವ್ವನ ಕಿವಿಯನ್ನು ಅಣಕಿಸಿ ತೋರಿಸಿದಳೆಂದು ಪಾಟಿಯಿಂದ ಅವಳ ತಲೆಗೆ ಹೊಡೆದೆ. ಅದರ ಹಿಂದಿನ ವಾರ ಅವಳೇ ಇನ್ನೊಬ್ಬಳಿಗೆ ಅದೇ ರೀತಿ ಹೊಡೆದಿದ್ದಳು. ಆಗ ಮಾಸ್ತರರು ಅವಳನ್ನು "ಭಾಳ ಕಿತಾಪತಿ" ಎಂದು ಕಿವಿ ಹಿಂಡಿ ಬಿಟ್ಟಿದ್ದರು. ನನ್ನ ಸರದಿ ಬಂದಾಗ ಕಿವಿ ಹಿಂಡಲಿಲ್ಲ, ಏನೂ ಕೇಳಲಿಲ್ಲ. "ಕೊಡ್ಲಿ ಮನಿ ರಕ್ತ, ಎಲ್ಲಿ ಹೋಗ್ತದ" ಎಂದು ನನ್ನನ್ನು ಬಾಗಿಲ ಹತ್ತಿರ ಒಬ್ಬಳನ್ನೇ ಕೂರಿಸಿದರು. ಸುಳ್ಳು ಯಾಕೆ ಹೇಳಲಿ, ಅದರಲ್ಲಿ ನನಗೆ ಸ್ವಲ್ಪ ಸುಖವೂ ಇತ್ತು. ಬಾವಿಯ ಹತ್ತಿರ ಕೊಡ ಹಿಡಿದು ನಿಂತರೆ ನನಗಿಂತ ದೊಡ್ಡ ಹುಡುಗಿಯರೂ ದಾರಿ ಬಿಡುತ್ತಿದ್ದರು. ಏನೂ ಮಾಡದೆ ಹೆದರಿಸುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಆದರೆ ಮನೆಗೆ ಬಂದು ನೀರು ಇಳಿಸುವಾಗ ಕೈ ನೋಡಿಕೊಳ್ಳುತ್ತಿದ್ದೆ. ಇದೂ ಒಂದು ದಿನ ನನ್ನ ಮಾತು ಕೇಳುವುದಿಲ್ಲವೇನೋ ಎಂದು ಹೆದರಿಕೆಯಾಗುತ್ತಿತ್ತು.

ಮ್ಯಾಟ್ರಿಕ್ ಪರೀಕ್ಷೆ ಬರೆದು ಮನೆಯಲ್ಲಿದ್ದ ಬೇಸಿಗೆಯಲ್ಲಿ ಘಾಟಬೋರಾಳದಿಂದ ಆಯಿಯ ತಂಗಿ ಬಂದಳು. ಚಿಕ್ಕ ದೇಹದ, ಮೆಲುಮಾತಿನ ಮುದುಕಿ. ವರ್ಷಕ್ಕೊಮ್ಮೆ ಬರುತ್ತಿದ್ದಳು. ಅವಳು ಬಂದ ದಿನ ಮಾತ್ರ ಅಪ್ಪ ಬೇರೆಯೇ ಮನುಷ್ಯ. ಅವಳ ಕಾಲು ಮುಟ್ಟಿ ನಮಸ್ಕರಿಸಿ, ಅವಳ ಎದುರು ಚಕ್ಕಳಬಕ್ಕಳ ಹಾಕಿ ಕೂತು, ಅವಳು ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿ ಕೈಗಿಟ್ಟರೆ ಸುಮ್ಮನೆ ತಿನ್ನುತ್ತಿದ್ದ. ಅವಳು ಹೊರಟುಹೋದ ಮೇಲೆ, ಜೋಳ ಹಸನು ಮಾಡುತ್ತ ಕೂತಿದ್ದ ಆಯಿಯನ್ನು, "ಆ ಅಮ್ಮ ಬಂದ್ರ ಅಪ್ಪ ಯಾಕ ಅಷ್ಟು ಮೆತ್ತಗಾಗ್ತಾನ?" ಎಂದು ಕೇಳಿದೆ.

"ಹಡದಾಕಿ ಮುಂದ ಮೆತ್ತಗಾಗಲಾರದೆ ಏನ್ ಮಾಡ್ತಾನ?" ಎಂದಳು ಆಯಿ, ಮೊರದಿಂದ ತಲೆ ಎತ್ತದೆ.

ನನಗೆ ತಿಳಿಯಲಿಲ್ಲ. ಆಯಿ ನನ್ನ ಮುಖ ನೋಡಿ ನಿಜವಾಗಿಯೂ ಆಶ್ಚರ್ಯಪಟ್ಟಳು. "ನಿನಗ ಯಾರೂ ಹೇಳಿಲ್ಲೇನು? ನನಗ ಮಕ್ಕಳಾಗಲಿಲ್ಲ. ನನ್ನ ತಂಗಿ ಮಗನ್ನ ಎರಡೂವರಿ ವರ್ಷದಾಂವ ಇದ್ದಾಗ ದತ್ತಕ ತಗೊಂಡೆ. ಊರಿಗೆಲ್ಲ ಬೆಲ್ಲ ಹಂಚೇವಿ. ನಿಮ್ಮ ಮುತ್ಯಾನ ತಮ್ಮಂದಿರು ಎಷ್ಟು ಕುಣದ್ರು ಗೊತ್ತದೇನು, ಬ್ಯಾರೇ ರಕ್ತದ ಕೂಸಿಗಿ ಹೊಲ ಹ್ಯಾಂಗ ಕೊಡ್ತಿ ಅಂತ?"

ಯಾರೂ ಮುಚ್ಚಿಟ್ಟಿರಲಿಲ್ಲ. ಇದು ನನಗೆ ಇವತ್ತಿಗೂ ಅರಗದ ಸಂಗತಿ. ಬೆಲ್ಲ ತಿಂದವರು ಊರು ತುಂಬ ಇದ್ದರು. ಬೇರೆ ರಕ್ತ ಎಂದು ಕುಣಿದವರೇ, ಅವರ ಮಕ್ಕಳೇ, ಮುಂದೆ ಅಪ್ಪ ಅವ್ವನನ್ನು ಹೊಡೆದಾಗ "ಮುತ್ಯಾನ ರಕ್ತ" ಎಂದು ತಲೆಯಾಡಿಸಿದರು. ಅಪ್ಪ ಮುತ್ಯಾನ ಹಾಗೆ ನಡೆದ, ಮುತ್ಯಾನ ಹಾಗೆ ಮೀಸೆ ಬಿಟ್ಟ, ಮುತ್ಯಾನ ಹಾಗೆ ತಾಟು ಎಸೆದ. ಇಡೀ ಊರು ತಾನೇ ಕಣ್ಣಾರೆ ಕಂಡ ದತ್ತಕವನ್ನು ಮರೆತುಬಿಟ್ಟಿತ್ತು.

"ಹಂಗಾರ ಅಪ್ಪಗ ಈ ಗುಸ್ಸಾ ಎಲ್ಲಿಂದ ಬಂತು? ಅಪ್ಪನ್ನ ಹಡದ ಘಾಟಬೋರಾಳದ ಮುತ್ಯಾನೂ ಹಂಗ ಇದ್ದನೇನು?"

"ಅಂವನಾ?" ಆಯಿ ನಕ್ಕಳು. "ಎತ್ತು ಒದ್ರ, ಎತ್ತಿಗಿ ಏನಾಗ್ಯಾದೋ ಅಂತ ಅದರ ಕಾಲು ನೋಡಾಂವ. ನಮ್ಮಪ್ಪ ಜರಾ ಕಡಕ್ ಇದ್ದ, ಖರೆ. ಆದ್ರ ಕೈ ಮಾಡಾಂವ ಅಲ್ಲ." ಸ್ವಲ್ಪ ಹೊತ್ತು ಹರಳು ಆರಿಸಿದಳು. ಆಮೇಲೆ ಒಳಗೆ ಕಾಳಿನ ಕಣಜವಿದ್ದ ಮೂಲೆಯ ಕಡೆಗೆ ಗದ್ದ ಎತ್ತಿ ತೋರಿಸಿದಳು. "ಮುತ್ಯಾ ನನಗ ಹೊಡಿಯಾಗ ನಿಮ್ಮಪ್ಪ ಅಲ್ಲಿ ಕುಂತು ನೋಡ್ತಿದ್ದ. ದಿನಾ ನೋಡ್ತಿದ್ದ. ಮೊದಮೊದಲ ಅಳ್ತಿದ್ದ. ಆಮ್ಯಾಲ ಅಳೋದು ಬಿಟ್ಟ."

ಆಯಿ ಗಾಡಿಯಲ್ಲಿ ಬಾಯಿ ತೆರೆದು ಮುಚ್ಚಿಕೊಂಡದ್ದು ಆಗ ನನಗೆ ನೆನಪಾಯಿತು. "ಅವತ್ತು ಅವ್ವಗ ಯಾಕ ಹೇಳಲಿಲ್ಲ?" ಎಂದು ಕೇಳಿದೆ. "ಹೇಳಿ ಏನ್ ಮಾಡ್ಲಿ? ರಕ್ತ ಅಂದ್ಕೊಂಡ್ರ ಅಕಿಗೆ ಜರಾ ಹಗರ ಅನಸ್ತಿತ್ತು" ಎಂದಳು. ನನಗೆ ಆಯಿಯ ಮೇಲೂ ಸಿಟ್ಟು ಬಂತು.

ಆ ವರ್ಷವೇ ಬಸವಕಲ್ಯಾಣದಿಂದ ನನ್ನನ್ನು ನೋಡಲು ಬಂದರು. ಹುಡುಗನ ತಂದೆ, ಒಬ್ಬ ಮಾವ, ಮತ್ತು ಅವನ ದೊಡ್ಡವ್ವ. ಹುಡುಗ ಬಂದಿರಲಿಲ್ಲ. ಮಾತೆಲ್ಲ ದೊಡ್ಡವ್ವನದೇ. ನಮ್ಮ ಕಡೆಯಿಂದ ಅಪ್ಪ, ಆಯಿ, ಓಣಿಯ ಇಬ್ಬರು ಹಿರಿಯರು. ಅವ್ವ ಅಡುಗೆಮನೆಯ ಬಾಗಿಲಲ್ಲಿ, ಕೇಳುವ ಕಿವಿಯನ್ನು ಪಡಸಾಲೆಯ ಕಡೆ ಮಾಡಿಕೊಂಡು ನಿಂತಿದ್ದಳು. ಸುಸಲಾ ತಿಂದದ್ದಾಯಿತು. ನನ್ನ ಕೈಲಿ ಓದಿಸಿದ್ದಾಯಿತು, ನಡೆಸಿ ನೋಡಿದ್ದಾಯಿತು. ನಾನು ಚಹಾದ ಕಪ್ಪು ಬಸಿಗಳನ್ನು ಹಿಡಿದು ಬರುವ ಹೊತ್ತಿಗೆ ದೊಡ್ಡವ್ವ ಕೊನೆಯ ಮಾತಿಗೆ ಬಂದಿದ್ದಳು.

"ಹುಡುಗಿ ಛಲೋ ಅದಾಳ್ರಿ. ಮ್ಯಾಟ್ರಿಕ್ ಆಗ್ಯಾದ, ರೊಟ್ಟಿ ಬಡಿಯಾಕ ಬರ್ತದ, ಎಲ್ಲಾ ಖರೆ. ಆದ್ರ ರಕ್ತದ ಮಾತು ಬಿಡಾಕ ಬರಂಗಿಲ್ಲಲ್ರಿ. ನಿಮ್ಮ ಮನಿಗಿ ಏನಂತಾರ ಅಂತ ಹುಮನಾಬಾದ ಬಸ್‌ಸ್ಟ್ಯಾಂಡಿನಾಗ ಕೇಳಿದ್ರೂ ಹೇಳ್ತಾರ. ನಾಳಿ ಇಕಿ ಹೊಟ್ಟೀಲೆ ಹುಟ್ಟೋವು ಕೊಡ್ಲಿ ಹಿಡಕೊಂಡ ಹುಟ್ಟಿದ್ರ ನಾವೇನ್ ಮಾಡ್ಬೇಕ್ರಿ?"

ಮಾವ ಎನ್ನುವವನು ಕಿಸಕ್ಕನೆ ನಕ್ಕ. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಈ ಸಂಬಂಧ ಬೇಡವೆನ್ನುತ್ತಾನೆ, ಹಾಗಲ್ಲ ಎನ್ನುತ್ತಾನೆ ಎಂದು ಕಾದೆ. ಅಪ್ಪ ಮೀಸೆ ಸವರಿದ.

"ಹೌದ್ರಿ" ಎಂದ. "ನಾ ಸುಳ್ಳು ಹೇಳಾಂವ ಅಲ್ಲ. ನಮ್ಮ ಖಾನದಾನದ ರಕ್ತನ ಹಂಗದ. ನಮ್ಮಪ್ಪಂದು ನನಗ ಬಂದದ. ಅದಕ್ಕ ಯಾರ ಕೈಯಾಗೂ ಇಲಾಜಿಲ್ಲ. ಆದ್ರ ಹೆಣ್ಣಮಕ್ಕಳಿಗಿ ಅದು ಇಳಿಯಂಗಿಲ್ಲ ಬಿಡ್ರಿ."

ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ, ಹೆಮ್ಮೆ ಇತ್ತು. ನನ್ನ ಮೈ ಉರಿದುಹೋಯಿತು. ಅವ್ವನ ಕಿವಿ ಹೋದದ್ದು ಈ ಹೆಮ್ಮೆಗೆ. ನಾನು ಬಾಗಿಲ ಹತ್ತಿರ ಒಬ್ಬಳೇ ಕೂತದ್ದು ಈ ಹೆಮ್ಮೆಗೆ. ಈಗ ಯಾರೋ ಮೂವರು ನಮ್ಮ ಪಡಸಾಲೆಯಲ್ಲಿ ಕೂತು, ನಾನು ಇನ್ನೂ ಹಡೆಯದ ಮಕ್ಕಳ ಕೈಗೆ ಕೊಡಲಿ ಕೊಡುತ್ತಿದ್ದರು. ಬಸಿಗಳನ್ನು ನೆಲದ ಮೇಲಿಟ್ಟೆ.

"ಯಾವ ರಕ್ತ, ಅಪ್ಪಾ?" ಎಂದೆ. "ನೀ ಘಾಟಬೋರಾಳದಾಗ ಹುಟ್ಟಿದಾಂವ. ಆಯಿ ನಿನ್ನ ದತ್ತಕ ತಗೊಂಡಾಳ. ಮುತ್ಯಾನ ರಕ್ತ ಒಂದು ಹನಿ ನಿನ್ನ ಮೈಯಾಗಿಲ್ಲ. ಇಲ್ಲಿ ಕುಂತ ಹಿರ್ಯಾರು ಬೆಲ್ಲ ತಿಂದಾರ, ಕೇಳು."

ಓಣಿಯ ಹಿರಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಲ್ಲೊಬ್ಬರು, "ಅರೆ, ಹೌದಲ್ಲೋ" ಎಂದು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಆಯಿ, "ಖರೆ ಅದ" ಎಂದಳು. ಆಮೇಲೆ ಎಲ್ಲರೂ ಅಪ್ಪನ ಕೈ ನೋಡತೊಡಗಿದರು. ಕೈ ಮೊಣಕಾಲ ಮೇಲೆ ಇತ್ತು, ಅಲ್ಲೇ ಇತ್ತು.

ನಾನು ಗೆದ್ದೆ ಎಂದುಕೊಂಡೆ. ದೊಡ್ಡವ್ವ ನೆಲದ ಮೇಲಿದ್ದ ಚಹಾ ಎತ್ತಿ ಕುಡಿದು, ಬಸಿ ಬೋರಲು ಹಾಕಿ, ಸೆರಗು ಕೊಡವಿ ಎದ್ದಳು. "ಹಂಗಾರ ಯಾವ ರಕ್ತ ಅಂತ ನಿಮಗೂ ಪಕ್ಕಾ ಇಲ್ಲಂದಂಗಾತು. ಗೊತ್ತಿದ್ದ ರಕ್ತರೆ ನಡೀತಿತ್ತು" ಎಂದಳು. ಅವರು ಗಾಡಿ ಹತ್ತಿ ಹೋದರು. ಆ ಮಾತಿಗೆ ನಾನು ಆವತ್ತು ಅತ್ತೆ, ಈಗ ನಗುತ್ತೇನೆ. ಇದ್ದರೂ ತಪ್ಪು, ಇಲ್ಲದಿದ್ದರೂ ತಪ್ಪು. ಆ ತಕ್ಕಡಿಯಲ್ಲಿ ಯಾವ ಹುಡುಗಿಯೂ ತೂಗಲಾರಳು.

ಹಿರಿಯರೂ ಮೆಲ್ಲಗೆ ಎದ್ದುಹೋದ ಮೇಲೆ ಅಪ್ಪ ನನ್ನ ಕಡೆ ತಿರುಗಿದ. ಕಣ್ಣು ಕೆಂಪಾಗಿದ್ದವು. ಹೊರಗಿನವರ ಎದುರು ಅವನಿಂದ ಅವನ ಅಪ್ಪನನ್ನು ಕಿತ್ತುಕೊಂಡಿದ್ದೆ, ಅದು ಸಣ್ಣ ಮಾತಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ಮುತ್ಯಾನ ಮಗ ಎನ್ನುವುದು ಬಿಟ್ಟರೆ ಅವನಿಗೆ ಆ ಊರಿನಲ್ಲಿ ಬೇರೆ ಬೇರು ಇರಲಿಲ್ಲ. ಅವನು ಎದ್ದು ಕೈ ಎತ್ತಿದ. ನಾನು ಹಿಂದೆ ಸರಿಯಲಿಲ್ಲ. ಆಗ ಅಡುಗೆಮನೆಯ ಬಾಗಿಲಿನಿಂದ ಅವ್ವನ ಧ್ವನಿ ಬಂತು.

"ಹಂಗಾರ ನನಗ ಯಾಕ ಹೊಡದ್ರಿ?"

ಜೋರಾಗಿ ಕೇಳಲಿಲ್ಲ. ಅಳಲಿಲ್ಲ. ಉಪ್ಪು ಎಲ್ಲಿಟ್ಟಿದ್ದೀರಿ ಎಂದು ಕೇಳುವ ಹಾಗೆ ಕೇಳಿದಳು. ಅವಳಿಗೂ ದತ್ತಕದ ವಿಷಯ ಮದುವೆಯಲ್ಲೇ ಹೇಳಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು. ಅವಳೂ ಊರಿನ ಹಾಗೆಯೇ ಅದನ್ನು ಇದಕ್ಕೆ ಜೋಡಿಸಿ ನೋಡಿರಲಿಲ್ಲ. ಇಪ್ಪತ್ತು ವರ್ಷ ಅವಳು ರಕ್ತಕ್ಕೆ ಮಾಫಿ ಮಾಡುತ್ತ ಬಂದಿದ್ದಳು. ಈಗ ರಕ್ತ ಇಲ್ಲ, ಗಂಡ ಒಬ್ಬನೇ ನಿಂತಿದ್ದ.

"ರಕ್ತ ಅಂತ ಸುಮ್ಮಿದ್ದೆ. ರಕ್ತ ಅಲ್ಲಂದ್ರ, ನನಗ ಯಾಕ ಹೊಡದ್ರಿ?" ಎಂದು ಇನ್ನೊಮ್ಮೆ ಕೇಳಿದಳು. ಅಪ್ಪ ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಗೂಟದ ಮೇಲಿನ ರುಮಾಲು ತೆಗೆದುಕೊಂಡು ಹೊಲದ ಕಡೆಗೆ ಹೋಗಿಬಿಟ್ಟ.

ಆ ಸಂಜೆ ನಾನು ಕೊಡಲಿ ಒಯ್ಯಲಿಲ್ಲ. ಅದನ್ನು ಒಳಗೆ ತಂದು ಕಣಜದ ಮೂಲೆಯಲ್ಲಿ, ಅಪ್ಪ ಸಣ್ಣವನಿದ್ದಾಗ ಕೂತು ನೋಡುತ್ತಿದ್ದ ಜಾಗದಲ್ಲಿ, ನಿಲ್ಲಿಸಿದೆ. ದೀಪ ಹಚ್ಚುವ ಹೊತ್ತಿಗೆ ಬಡಿಗೇರ ಕಾಕಾ ತಾನೇ ಬಂದು ಹೊಸ್ತಿಲ ಹೊರಗೆ ನಿಂತ. "ಯಾಕವಾ, ಕೊಡ್ಲಿ ಬರಲಿಲ್ಲ?"

"ಇವತ್ತಿಂದ ಅದು ತನ್ನ ಮನ್ಯಾಗ ಮಲಗ್ತದ್ರಿ ಕಾಕಾ."

"ಪಂಚರು ಕೇಳಿದ್ರ?"

"ನನ್ನ ಹೆಸರು ಹೇಳ್ರಿ. ಕೊಡ್ಲಿ ಯಾರಿಗೂ ಏನೂ ಮಾಡಿಲ್ಲ. ಮಾಡಿದ್ದು ಕೈ."

ಕಾಕಾ ಒಳಗೆ ಇಣುಕಿ ನೋಡಿ ತಲೆ ಕೆರೆದುಕೊಂಡ. "ಹೋಗ್ಲಿ ಬಿಡವಾ. ನನಗೂ ಅದನ್ನ ಕಾದು ಕಾದು ಸಾಕಾಗ್ಯಾದ. ಮರತು ಅದರಲೆ ಒಂದಿನಾನೂ ಕಟಗಿ ಒಡಿಲಿಲ್ಲ ನೋಡು, ಪರರದು ಅಂತ" ಎಂದು ಹೋದ. ಅಪ್ಪ ಬಂದ, ಕೊಡಲಿ ನೋಡಿದ, ಕೈಕಾಲು ತೊಳೆದು ಉಂಡ. ಮರುದಿನ ಆ ಕೊಡಲಿಯಿಂದ ಸೌದೆ ಒಡೆದೆವು. ಪಂಚರು ಯಾರೂ ಬರಲಿಲ್ಲ.

ಅಂದಿನಿಂದ ಅಪ್ಪ ಬದಲಾದ ಎಂದು ಬರೆಯಲು ನನಗೂ ಆಸೆಯೇ. ಹಾಗಾಗಲಿಲ್ಲ. ಆಮೇಲೂ ಅವನ ಕೈ ಏಳುತ್ತಿತ್ತು. ಎದ್ದಾಗಲೆಲ್ಲ ಅವ್ವ ಅದೇ ಪ್ರಶ್ನೆ ಕೇಳುತ್ತಿದ್ದಳು, ಅದೇ ಧ್ವನಿಯಲ್ಲಿ. ಎಷ್ಟೋ ಸಲ ಕೈ ಇಳಿಯಿತು, ಒಂದೆರಡು ಸಲ ಇಳಿಯಲಿಲ್ಲ. ಉತ್ತರ ಮಾತ್ರ ಅವನು ಒಮ್ಮೆಯೂ ಕೊಡಲಿಲ್ಲ.

ನಾನು ಟ್ರೇನಿಂಗ್ ಮುಗಿಸಿ ಹುಮನಾಬಾದಿನಲ್ಲಿ ಶಿಕ್ಷಕಿಯಾದೆ. ಕೆಲವು ವರ್ಷಗಳ ಮೇಲೆ ಬಸವಕಲ್ಯಾಣದವರನ್ನೇ ಮದುವೆಯಾದೆ. ಆ ದೊಡ್ಡವ್ವನ ಮನೆಯಲ್ಲ, ಬೇರೆ ಓಣಿ, ಬೇರೆ ಮನೆ. ಮದುವೆಗೆ ಮೊದಲು ನಾನೇ ಅವರಿಗೆ ಹೇಳಿದೆ: "ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ. ಅದು ನನ್ನದೇ, ಯಾರಿಂದಲೂ ಬಂದದ್ದಲ್ಲ." ಅವರು ನಕ್ಕು, "ಅಷ್ಟು ಹತ್ತಿರದಾಗ ಇದ್ರ ಕಣ್ಣಿಗರೆ ಕಾಣ್ತದ" ಎಂದರು.

ಅಷ್ಟು ಜೋರಾಗಿ ಹೇಳಿದವಳ ಬಣ್ಣ ಬಯಲಾಗಲು ಬಹಳ ದಿನ ಬೇಕಾಗಲಿಲ್ಲ. ಶಾಲೆಯಲ್ಲಿ ಒಬ್ಬ ಹುಡುಗಿ ಹಾಜರಿ ಪುಸ್ತಕದ ಮೇಲೆ ಶಾಯಿ ಚೆಲ್ಲಿದಳು. ಮರದ ಪಟ್ಟಿಯ ಅಂಚಿನಿಂದ ಅವಳ ಬೆರಳ ಗೆಣ್ಣಿಗೆ ಹೊಡೆದೆ. ಒಂದಲ್ಲ, ಮೂರು ಸಲ. ಮೂರನೆಯದು ಹೊಡೆಯುವಾಗ ನನಗೆ ಹಿತವಾಗಿತ್ತು, ಅದನ್ನೂ ಬರೆಯುತ್ತೇನೆ. ಬೆರಳು ಬದನೆಕಾಯಿಯ ಹಾಗೆ ಊದಿತು. ಅವಳು ಅಳದೆ ನನ್ನನ್ನೇ ನೋಡುತ್ತ ನಿಂತಳು. ಆಗ ನನ್ನ ನಾಲಿಗೆಯ ಮೇಲೆ ಒಂದು ಮಾತು ತಾನಾಗಿ ಬಂದು ಕೂತಿತು: ಏನು ಮಾಡಲಿ, ನಮ್ಮ ಮನೆಯ ರಕ್ತವೇ ಹಾಗೆ.

ಅಪ್ಪನ ಬಾಯಿಂದ ಅದನ್ನು ನಾನೇ ಕಿತ್ತು ಬಿಸಾಕಿದ್ದೆ. ಅದು ಅಷ್ಟು ವರ್ಷ ನನ್ನ ಬಾಯಲ್ಲೇ ಇತ್ತು. ಹೇಳಿದ್ದರೆ ಎಲ್ಲರೂ ಒಪ್ಪುತ್ತಿದ್ದರು, ಮುಖ್ಯಗುರುಗಳೂ, ಆ ಹುಡುಗಿಯ ತಾಯಿಯೂ. ನಾನು ಬಾಯಿ ಮುಚ್ಚಿಕೊಂಡೆ. ಮರುದಿನ ಇಡೀ ವರ್ಗದ ಎದುರು ಆ ಹುಡುಗಿಗೆ, "ನಾನು ಹೊಡೆದದ್ದು ತಪ್ಪು. ನನಗೆ ಸಿಟ್ಟು ಬಂದಿತ್ತು, ತಡೆದುಕೊಳ್ಳಬಹುದಿತ್ತು, ತಡೆದುಕೊಳ್ಳಲಿಲ್ಲ" ಎಂದೆ. ಮುಖ್ಯಗುರುಗಳು ಕರೆಸಿ, ಹೀಗೆ ಮಕ್ಕಳ ಮುಂದೆ ಬಗ್ಗಿದರೆ ಶಿಸ್ತು ಉಳಿಯುವುದಿಲ್ಲ ಎಂದು ಬೈದರು. ಶಿಸ್ತು ಉಳಿಯಿತು. ಪಟ್ಟಿಯನ್ನು ಮನೆಗೊಯ್ದು ಒಲೆಗೆ ಹಾಕಿದೆ.

ಎಂಬತ್ತರ ದಶಕ ಬಂದಾಗ ನಮ್ಮ ಶಿಕ್ಷಕರ ಕೋಣೆಯಲ್ಲಿ ವಿಜ್ಞಾನದ ಮಾಸ್ತರರೊಬ್ಬರು ಯಾವುದೋ ಪತ್ರಿಕೆ ಓದಿಕೊಂಡು ಬಂದಿದ್ದರು. ಜಗಳಗಂಟತನವೂ ಕಣ್ಣಿನ ಬಣ್ಣದ ಹಾಗೆ ವಂಶದಲ್ಲಿ ಇಳಿಯುತ್ತದೆಯೋ ಏನೋ ಎಂದು ದೊಡ್ಡದೊಡ್ಡವರು ಹುಡುಕುತ್ತಿದ್ದಾರಂತೆ, ಮುಂದೊಂದು ದಿನ ಹುಟ್ಟಿದ ಕೂಸಿನ ರಕ್ತ ನೋಡಿ ಹೇಳಬಹುದಂತೆ. ಮಾಸ್ತರರು ಒಳ್ಳೆಯವರು, ಉತ್ಸಾಹದಿಂದ ಹೇಳುತ್ತಿದ್ದರು. ನಾನು ಡಬ್ಬಿ ಮುಚ್ಚಿ ಕೇಳಿದೆ: "ಹೇಳಿದ ಮ್ಯಾಲ ಆ ಕೂಸನ್ನ ಎಲ್ಲಿ ಕೂಡಸ್ತೀರಿ ಸರ್? ಬಾಗಿಲ ಹತ್ತಿರನೋ, ಹೊರಗನೋ?"

"ಹಂಗಲ್ರಿ ಮೇಡಂ, ಇದು ಸೈನ್ಸ್" ಎಂದರು.

ಇರಲಿ. ನಾನು ಸೈನ್ಸಿನ ಜೊತೆ ಜಗಳಕ್ಕೆ ಹೋಗುವವಳಲ್ಲ. ಆಯಿಯ ಅಪ್ಪ ಕಡಕ್ ಇದ್ದನಂತೆ. ಆಯಿಯ ತಂಗಿಯ ಮೂಲಕ ಅಪ್ಪನಿಗೆ, ಅಪ್ಪನಿಂದ ನನಗೆ ಒಂದಿಷ್ಟು ಬಿಸಿ ಹರಿದು ಬಂದಿರಲೂಬಹುದು. ಯಾರು ಬಲ್ಲರು? ಸಿಟ್ಟು ಬಂದರೆ ಈಗಲೂ ನನ್ನ ಕಿವಿಯ ತುದಿ ಸುಡುತ್ತದೆ, ಆ ಕ್ಷಣ ಎದುರಿಗಿದ್ದವರ ಮುಖ ನನಗೆ ಸರಿಯಾಗಿ ಕಾಣುವುದಿಲ್ಲ. ಅದನ್ನು ನಾನು ಕರೆಯಲಿಲ್ಲ, ಅದು ಬರುತ್ತದೆ. ಆದರೆ ಅಪ್ಪನ ಸಿಟ್ಟು ಅವನ ಹಡೆದ ತಾಯಿಯ ಎದುರು ಒಂದು ಸಲವೂ ಬರಲಿಲ್ಲ, ತಹಸೀಲ್ದಾರರ ಎದುರು ಬರಲಿಲ್ಲ, ಗೌಡರ ಅಂಗಳದಲ್ಲಿ ಬರಲಿಲ್ಲ. ಯಾರ ಮುಂದೆ ಬರಬೇಕು, ಯಾರ ಮುಂದೆ ಬರಬಾರದು ಎಂದು ಅಷ್ಟು ಚೆನ್ನಾಗಿ ತಿಳಿದ ರಕ್ತವನ್ನು ನಾನು ನಂಬುವುದಿಲ್ಲ. ಮಾಸ್ತರರಿಗೆ ಇದನ್ನೆಲ್ಲ ಹೇಳಿದೆ. ಅವರು ಗಡಿಯಾರ ನೋಡಿ ವರ್ಗಕ್ಕೆ ಹೋದರು.

ಅದೇ ವರ್ಷಗಳಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂತು. ಆಯಿ ಆ ಹೊತ್ತಿಗೆ ತೀರಿಹೋಗಿದ್ದಳು. ಅಪ್ಪ ಅವ್ವ ಇಬ್ಬರನ್ನೂ ಬಸವಕಲ್ಯಾಣಕ್ಕೆ ಕರೆಸಿಕೊಂಡೆ. ಆಪರೇಶನ್ ಆಗಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದರು, ಇನ್ನೊಂದು ಕಣ್ಣು ಮೊದಲೇ ಮಂಜು. ಮೀಸೆ ಬೆಳ್ಳಗಾಗಿತ್ತು. ಕೈ ನಡುಗುತ್ತಿತ್ತು, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಗಿತ್ತು. ನೋಡಿದರೆ ಕನಿಕರ ಬರುತ್ತಿತ್ತು. ಕನಿಕರ ಬಂದಷ್ಟೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತಿತ್ತು, ಇಷ್ಟು ಬೇಗ ಎಲ್ಲ ಹೊಟ್ಟೆಗೆ ಹಾಕಿಕೊಂಡುಬಿಡುತ್ತೇನೆಯೇ ಎಂದು.

ಒಂದು ರವಿವಾರ ಮುಂಜಾನೆ ಅವ್ವ ಅಂಗಳದ ಕಟ್ಟೆಯ ಮೇಲೆ ತೊಗರಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ಅಪ್ಪ ಅವಳ ಎಡಕ್ಕೆ, ಗೋಡೆಗೆ ಒರಗಿ, ಬಿಸಿಲಿಗೆ ಮುಖ ಮಾಡಿ ಕೂತಿದ್ದ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕಿಟಕಿಯಿಂದ ಇಬ್ಬರೂ ಕಾಣುತ್ತಿದ್ದರು. ಅಪ್ಪ ಯಾವ ಪೀಠಿಕೆಯೂ ಇಲ್ಲದೆ ಶುರು ಮಾಡಿದ.

"ನೀ ಕೇಳ್ತಿದ್ದಿಯಲ್ಲಾ, ಯಾಕ ಹೊಡದ್ರಿ ಅಂತ."

ನನ್ನ ಕೈ ಹಿಟ್ಟಿನ ಮೇಲೆ ನಿಂತಿತು.

"ರಕ್ತ ಅಲ್ಲ" ಎಂದ ಅಪ್ಪ. "ಹೊಡೀಬಹುದಿತ್ತು, ಹೊಡದೆ. ಯಾರೂ ಕೈ ಹಿಡೀಲಿಲ್ಲ. ನನಗ ಗೊತ್ತಿತ್ತು, ಯಾರೂ ಹಿಡಿಯಂಗಿಲ್ಲಂತ. ತಪ್ಪು ನಂದದ."

ಅವ್ವ ಬೇಳೆಯಿಂದ ಒಂದು ಹರಳು ಆರಿಸಿ ಎಸೆದಳು. ಅವಳಿಗೆ ಅದು ಕೇಳಿಸಿತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಕಡೆ ತಿರುಗಿದಳು.

"ಏನೋ ಅಂದ್ರಲ್ರಿ. ಈ ಕಿವಿ ಕೇಳಂಗಿಲ್ಲ, ನಿಮಗ ಗೊತ್ತಿಲ್ಲೇನು? ಆ ಕಡಿ ಬಂದು ಹೇಳ್ರಿ."

ಅಪ್ಪ ಗೋಡೆ ಹಿಡಿದು ಎದ್ದ. ಪಟ್ಟಿ ಕಟ್ಟಿದ ಕಣ್ಣು, ಮಂಜು ಕಣ್ಣು, ನಡುಗುವ ಕೈ. ಕಟ್ಟೆಯ ಅಂಚು ತಡವಿಕೊಂಡು, ನೀರಿನ ಕೊಡ ಎಡವಿ, ಅವಳನ್ನು ಸುತ್ತುಹಾಕಿ ಬಲಕ್ಕೆ ಬರಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನಾನು ಓಡಿಹೋಗಿ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅವ್ವನೂ ಕೈ ಚಾಚಲಿಲ್ಲ. ಅವನು ಅವಳ ಬಲಕ್ಕೆ ಕೂತು, ಉಸಿರು ತೆಗೆದುಕೊಂಡು, ಆ ಮಾತನ್ನೆಲ್ಲ ಮೊದಲಿನಿಂದ ಇನ್ನೊಮ್ಮೆ ಹೇಳಿದ.

"ಹ್ಞೂಂ" ಎಂದಳು ಅವ್ವ. "ಈಗ ಕೇಳ್ತು." ಮತ್ತೆ ಮೊರ ಎತ್ತಿಕೊಂಡು ಬೇಳೆ ಕೇರತೊಡಗಿದಳು.